ಟೈರಿಗೊಂದು ಬೋನು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅದು ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ನನ್ನ ನೋಟ್‌ಬುಕ್ಕು. ಬಿ.ಕಾಂ. ಮುಗಿಸಿ ಸ್ವಂತ ಉದ್ಯೋಗ ಕಲಿಸುವ ಒಂದು ತರಬೇತಿಗೆ ಸೇರಿದ್ದೆ. ವಾಹನ ರಿಪೇರಿಯ ಸಣ್ಣ ಅಂಗಡಿ ತೆರೆಯಬೇಕೆಂದಿದ್ದವರು ಮೂರು ತಿಂಗಳು ಯಾರದಾದರೂ ಅಂಗಡಿಯಲ್ಲಿ ನಿಂತು, ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದು ತರಬೇಕಿತ್ತು. ನಾನು ಹುಣಸೂರಿನಲ್ಲಿದ್ದ ನನ್ನ ಸೋದರಮಾವನ ಟೈರ್ ಅಂಗಡಿಗೆ ಹೋದೆ. ಆ ಪುಟದಲ್ಲಿ ಇವತ್ತಿಗೂ ಹೀಗಿದೆ: ‘ಟ್ರಾಲಿ ಟೈರ್. ಶುರು 11.20. ಮುಗಿದದ್ದು’. ಅದರ ಮುಂದೆ ಖಾಲಿ.

ಹೊಗೆಸೊಪ್ಪಿನ ಹರಾಜಿನ ಕಾಲ ಅದು. ಹಾರನಹಳ್ಳಿ ಕಡೆಯ ವಯಸ್ಸಾದ ಗೌಡರೊಬ್ಬರು ಸೊಪ್ಪನ್ನು ಒತ್ತಿ ಕಟ್ಟಿದ ಬೇಲುಗಳು ತುಂಬಿದ ಟ್ರಾಕ್ಟರ್ ತಂದು ನಿಲ್ಲಿಸಿದರು. ಟ್ರಾಲಿಯ ಒಂದು ಚಕ್ರ ಕೂತುಹೋಗಿತ್ತು. ಹರಾಜಿನ ಸರದಿ ತಪ್ಪಿದರೆ ಬೇಲುಗಳನ್ನು ವಾಪಸ್ಸು ಹೊತ್ತುಕೊಂಡು ಹೋಗಬೇಕು ಎಂಬ ಅವಸರ ಅವರದು.

ಟ್ರಾಲಿಯ ಚಕ್ರ ಬೈಕಿನದರ ಹಾಗೆ ಒಂದೇ ತುಂಡಲ್ಲ. ಟೈರನ್ನು ಡಿಸ್ಕಿಗೆ ಹಾಕಿದ ಮೇಲೆ ಅದು ಈಚೆ ಜಾರದಂತೆ ಅಂಚಿಗೆ ಕಬ್ಬಿಣದ ರಿಂಗೊಂದನ್ನು ಬಡಿದು ಕೂರಿಸುತ್ತಾರೆ. ರಿಂಗು ತನ್ನ ಕಚ್ಚಿನಲ್ಲಿ ಸರಿಯಾಗಿ ಕೂತರೆ ಎಷ್ಟು ಗಾಳಿಯನ್ನಾದರೂ ತಡೆಯುತ್ತದೆ. ಕೂರದಿದ್ದರೆ ಒಳಗಿನ ಅಷ್ಟೂ ಗಾಳಿ ಸೇರಿ ಅದನ್ನು ಎಸೆದುಬಿಡುತ್ತದೆ. ಗೌಡರ ಚಕ್ರದ ಸ್ವಂತ ರಿಂಗು ಯಾವತ್ತೋ ಸೊಟ್ಟಗಾಗಿ, ಮನೆಯ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಟ್ರಾಲಿಯದನ್ನು ಹಾಕಿಕೊಂಡಿದ್ದರು. ಮಾವ ಪಂಕ್ಚರ್ ಹಾಕಿ, ಅದೇ ರಿಂಗನ್ನು ಬಡಿದು, ಗಾಳಿಯ ಪೈಪು ಸಿಕ್ಕಿಸಿದರು.

ಗಾಳಿ ತುಂಬುವಾಗ ಟ್ರಾಲಿಯ ಯಜಮಾನನನ್ನೇ ಟೈರಿನ ಮೇಲೆ ಕೂರಿಸುವುದು ನಮ್ಮ ಕಡೆಯ ವಾಡಿಕೆ. ಭಾರಕ್ಕೆ ರಿಂಗು ಒಳಗಿಳಿಯುತ್ತದೆ ಎಂದು ಎಲ್ಲರ ನಂಬಿಕೆ.

“ಕೂತ್ಕಳಿ ಗೌಡ್ರೇ, ನಿಮ್ ತೂಕಕ್ಕೆ ರಿಂಗು ತಾನಾಗೇ ಕೂತ್ಕತದೆ” ಎಂದರು ಮಾವ.

“ನನ್ ತೂಕ ಎಲ್ಲಾ ಬೇಲಲ್ಲದೆ ಕಣಪ್ಪ. ನಾನ್ ಬರೀ ಮೂಳೆ.”

“ಮೂಳೆನೇ ಆಗ್ಲಿ ಬುಡಿ, ಅದ್ಕೂ ತೂಕ ಅದೆ.”

ಗೌಡರು ಪಂಚೆ ಎತ್ತಿಕೊಂಡು ಕೂತರು. ಮಾವ ಸುತ್ತಿಗೆ ಹಿಡಿದು ರಿಂಗಿನ ಸುತ್ತ ತಟ್ಟತೊಡಗಿದರು. ಎರಡು ಮಾರು ದೂರದಲ್ಲಿ ನೋಟ್‌ಬುಕ್ಕು ಹಿಡಿದು ನಿಂತಿದ್ದ ನನಗೆ ಒಂದು ಕಡೆ ರಿಂಗಿಗೂ ಡಿಸ್ಕಿಗೂ ನಡುವೆ ಬೆರಳು ತೂರುವಷ್ಟು ಸಂದು ಕಾಣಿಸಿತು. ಮಾವ ನಿಂತ ಕಡೆಗೆ ಅದು ಕಾಣುತ್ತಿರಲಿಲ್ಲ. ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಕದಲ್ಲಿ ಇಂಥದೇ ಚಿತ್ರವಿತ್ತು, ಅದರ ಮೇಲೆ ಕೆಂಪು ಗುಣಾಕಾರದ ಗುರುತಿತ್ತು. ಬಾಯಿ ತೆರೆದೆ. ಮನೆಯಲ್ಲಿ ಮಾವನನ್ನು ‘ನೀನು’ ಎಂದೇ ಕರೆದು ಬೆಳೆದವಳು ನಾನು, ಆದರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ‘ನೀವು’ ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಟೈರ್ ಬಿಚ್ಚಿದವರಿಗೆ ಇಪ್ಪತ್ತು ದಿನದ ಹುಡುಗಿ ಗೌಡರ ಎದುರಿಗೆ ತಪ್ಪು ತೋರಿಸುವುದು ಹೇಗೆ? ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಗೌಡರಿಗೆ ಫೋನು ಬಂತು. ಕಂಪ್ರೆಸರಿನ ಗದ್ದಲಕ್ಕೆ ಮಾತು ಕೇಳಿಸದೆ, ಒಂದು ಕಿವಿ ಮುಚ್ಚಿಕೊಂಡು ಎದ್ದು ರಸ್ತೆಯ ಕಡೆ ನಡೆದರು. ಹತ್ತು ಹೆಜ್ಜೆ ಇರಬಹುದು.

ಸದ್ದಿಗಿಂತ ಮೊದಲು ನನಗೆ ಗೊತ್ತಾಗಿದ್ದು ಬೆಳಕು. ಹಾರಿದ ರಿಂಗಿಗೆ ಛಾವಣಿಯ ಶೀಟು ಹರಿದು, ಕತ್ತಲೆಯ ಅಂಗಡಿಯೊಳಗೆ ತಟ್ಟೆಯಗಲದ ಬಿಸಿಲು ಬಿದ್ದಿತ್ತು. ಆ ಬಿಸಿಲಿನಲ್ಲಿ ಮಾವ ಕೂತಿದ್ದರು. ಅವರ ಬಲಗೈ ಮೊಣಕೈ ಇಲ್ಲದ ಜಾಗದಲ್ಲಿ ಮಡಚಿಕೊಂಡಿತ್ತು. ಟೈರು ಗೋಡೆಗೆ ಒರಗಿತ್ತು. ಕಿವಿಯೊಳಗಿನ ಗುಂಯ್ ಎನ್ನುವ ಸದ್ದಿನ ನಡುವೆ ಮಾವ ಆಡಿದ ಮೊದಲ ಮಾತು ಕೇಳಿಸಿತು:

“ಕಂಪ್ರೆಸರ್ ಆಫ್ ಮಾಡಮ್ಮಿ.”

ಮಾಡಿದೆ. ರಸ್ತೆಯಂಚಿನಲ್ಲಿ ಗೌಡರು ಫೋನನ್ನು ಕಿವಿಗಿಟ್ಟುಕೊಂಡೇ ನಿಂತಿದ್ದರು. ಆ ಕಡೆಯವರು ಇನ್ನೂ ಮಾತನಾಡುತ್ತಿದ್ದಿರಬೇಕು.

ಮಾವನ ಕೈಗೆ ಮೈಸೂರಿನಲ್ಲಿ ರಾಡ್ ಹಾಕಿದರು. ಜೀವಕ್ಕೆ ಏನೂ ಆಗಲಿಲ್ಲ. ಎಲ್ಲರೂ ಅದನ್ನೇ ಹೇಳಿ ಸಮಾಧಾನ ಮಾಡಿಕೊಂಡರು. ನನಗೆ ಮಾತ್ರ ಆಗದೇ ಉಳಿದದ್ದೇ ಮತ್ತೆ ಮತ್ತೆ ಕಾಣುತ್ತಿತ್ತು. ಆ ಫೋನು ಅರ್ಧ ನಿಮಿಷ ತಡವಾಗಿ ಬಂದಿದ್ದರೆ? ಮನೆಯಲ್ಲಿ ಕುಕ್ಕರ್ ಇಟ್ಟರೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ. ಬಸ್ಸು ಬ್ರೇಕು ಬಿಟ್ಟು ಸುಯ್ ಎಂದರೆ ತಲೆ ತಗ್ಗಿಸುತ್ತಿದ್ದೆ. ರಾತ್ರಿ ಮಲಗಿದರೆ ಎರಡು ತಾಸಿಗೊಮ್ಮೆ ಎಚ್ಚರ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಮಾವನಿಗೆ ಮೂಸಂಬಿ ಬಿಡಿಸಿಕೊಡುತ್ತಾ ಹೇಳಿಯೇಬಿಟ್ಟೆ.

“ಮಾವ, ನಂಗೆ ಆ ಸಂದು ಕಾಣ್ತಿತ್ತು.”

ಅವನು ತೊಳೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡ. “ಕಾಣ್ತಿತ್ತಾ? ಮತ್ಯಾಕಮ್ಮಿ ಬಾಯ್ ಬುಡ್ಲಿಲ್ಲ?”

“ಗೌಡ್ರ ಎದುರ್ಗೆ ನಿಂಗೆ ಎಂಗೇಳದು?”

ಬೈಯುತ್ತಾನೆಂದುಕೊಂಡೆ. “ಓದ್ದೋಳು ನೀನು. ಆ ಗೌಡ ಏನು ನಿನ್ ಗಂಡನ ಕಡೆಯೋನಾ, ಮರ್ಯಾದೆ ನೋಡಕ್ಕೆ?” ಎಂದು ತೊಳೆಯನ್ನು ಬಾಯಿಗೆ ಹಾಕಿಕೊಂಡ. “ನಿನ್ ಅಂಗ್ಡಿ ಆಕ್ತೀಯಲ್ಲ, ಅಲ್ಲಿ ಎಲ್ಲಾರ್ಗೂ ಏಳು. ನಾನ್ ಬಂದ್ರೆ ನಂಗೂ ಏಳು.”

ಇಷ್ಟಾದ ಮೇಲೂ ಅಂಗಡಿ ಹಾಕುತ್ತೇನೆಂದು ನಾನು ಹೇಳಿರಲಿಲ್ಲ. ಬಿಟ್ಟುಬಿಡಬೇಕೆಂದೇ ಇದ್ದೆ.

ತರಬೇತಿಯ ಕೊನೆಯಲ್ಲಿ ಯೋಜನಾ ವರದಿ ಬರೆಯಬೇಕಿತ್ತು. ಜಾಗ ಎಲ್ಲಿ, ಯಂತ್ರ ಯಾವುದು, ಗಿರಾಕಿಗಳು ಯಾರು ಎಂದೆಲ್ಲ ಆದ ಮೇಲೆ ‘ನಿಮ್ಮ ಉದ್ದಿಮೆಗೆ ಇರುವ ಅಪಾಯಗಳು’ ಎಂಬ ಒಂದು ಕಲಂ. ಜೊತೆಯವರು ಪೈಪೋಟಿ, ಕರೆಂಟ್ ಹೋಗುವುದು ಎಂದೆಲ್ಲ ಬರೆದರು. ನಾನು ‘ರಿಂಗು’ ಎಂದಷ್ಟೇ ಬರೆದೆ. ಅದರ ಪಕ್ಕದಲ್ಲಿ ‘ಪರಿಹಾರ’ ಎಂಬ ಕಲಂ ಇತ್ತು. ಅಲ್ಲಿ ಏನು ಬರೆಯಬೇಕೆಂದು ತೋಚದೆ, ವರದಿ ಕೊಡದೆ ಅಂತರಸಂತೆಗೆ, ನಮ್ಮ ಊರಿಗೆ, ಬಂದುಬಿಟ್ಟೆ.

ಆ ವಾರ ನಮ್ಮೂರ ಹೊಲದಲ್ಲಿ ಬೋನಿಗೆ ಚಿರತೆ ಬಿತ್ತು. ಅರಣ್ಯ ಇಲಾಖೆಯವರು ಇಟ್ಟಿದ್ದ ಬೋನನ್ನು ಟ್ರಾಕ್ಟರಿಗೆ ಏರಿಸುವಾಗ ಊರಿಗೆ ಊರೇ ಸುತ್ತ ನಿಂತಿತ್ತು. ಚಿರತೆ ಸರಳಿಗೆ ಹಾಯ್ದು ಹಾಯ್ದು ಬೀಳುತ್ತಿತ್ತು, ಬೋನು ಅಲುಗುತ್ತಿತ್ತು. ಹೊರಗೆ ಹೆಂಗಸರು ಮಕ್ಕಳಿಗೆ ಅದನ್ನು ತೋರಿಸಿ ನಗುತ್ತಿದ್ದರು. ಒಳಗೆ ಅಷ್ಟು ಸಿಟ್ಟು, ಹೊರಗೆ ಇಷ್ಟು ಸಲೀಸು. ನಾನು ಚಿರತೆಯನ್ನು ಸರಿಯಾಗಿ ನೋಡಲೇ ಇಲ್ಲ, ಸರಳುಗಳನ್ನೇ ನೋಡುತ್ತಿದ್ದೆ. ಇಷ್ಟು ದಿನ ರಿಂಗನ್ನು ಹಿಡಿದಿಡಲು ಮನುಷ್ಯರನ್ನು ಕೂರಿಸುತ್ತಿದ್ದೆವು. ಟೈರನ್ನೇ ಒಳಗೆ ಹಾಕಿ ಚಿಲಕ ಹಾಕಬೇಕಿತ್ತು.

ಮರುದಿನ ಎಚ್.ಡಿ. ಕೋಟೆಯಲ್ಲಿ ವೆಲ್ಡಿಂಗ್ ಅಂಗಡಿಯವನ ಮುಂದೆ ನೋಟ್‌ಬುಕ್ಕಿನ ಹಾಳೆ ಹಿಡಿದು ನಿಂತೆ. ಬೋರ್‌ವೆಲ್ಲಿನ ಹಳೆಯ ಕಬ್ಬಿಣದ ಪೈಪುಗಳಲ್ಲಿ ಒಂದು ಬೋನು ಬೇಕು ಎಂದೆ.

“ಯಾವ್ ಪ್ರಾಣಿಗವ್ವ?”

“ಟೈರ್‌ಗೆ.”

ಅವನು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದ. “ಟೈರೇನ್ ಓಡೋಯ್ತದಾ?”

“ಓಡೋಗಲ್ಲ ಅಣ್ಣ. ಹಾರ್ತದೆ.” ಹುಣಸೂರಿನಲ್ಲಿ ಆದದ್ದನ್ನು ಹೇಳಿದೆ. ಅವನು ಒಳಗೆ ಹೋಗಿ, ನಾನು ತೋರಿಸಿದ್ದಕ್ಕಿಂತ ದಪ್ಪನೆಯ ಪೈಪು ಎಳೆದುಕೊಂಡು ಬಂದ.

‘ಪರಿಹಾರ’ ಕಲಂನಲ್ಲಿ ‘ಬೋನು’ ಎಂದು ಬರೆದು ವರದಿ ಕೊಟ್ಟೆ. ಅಂತರಸಂತೆಯ ರಸ್ತೆ ಬದಿಯಲ್ಲಿ ಅಂಗಡಿ ತೆರೆದೆ. ಬೋನನ್ನು ನೆಲಕ್ಕೆ ಬಿಗಿದೆ, ಗಾಳಿಯ ಪೈಪನ್ನು ಉದ್ದ ಮಾಡಿಸಿದೆ, ಅಂಗಳದಲ್ಲಿ ಬಿಳಿ ಬಣ್ಣದ ಗೆರೆ ಎಳೆದೆ. ಟ್ರಾಲಿ ಟೈರಿಗೆ ಗಾಳಿ ಹೋಗುವಾಗ ಗೆರೆ ದಾಟಿ ಯಾರೂ ಬರುವಂತಿಲ್ಲ. ವಾರದೊಳಗೆ ಅದಕ್ಕೆ ಚಿರತೆ ಅಂಗಡಿ ಎಂದು ಹೆಸರಾಯಿತು. “ಇವತ್ತು ಏನ್ ಬಿತ್ತಮ್ಮಿ ಬೋನ್ಗೆ?” ಎಂದು ಕೇಳದೆ ಯಾರೂ ಮುಂದೆ ಹೋಗುತ್ತಿರಲಿಲ್ಲ. ಬೈಕಿನವರು, ಆಟೋದವರು ಬಂದರು. ಟ್ರಾಕ್ಟರಿನವರು ಬೋನು ನೋಡಿ, ಇದೆಲ್ಲ ಹೊತ್ತಾಗುವ ಕೆಲಸ ಎಂದು ಕೋಟೆಯ ಕಡೆಗೇ ಹೋಗುತ್ತಿದ್ದರು. ಟ್ರಾಲಿಗಳು ಬರದೆ ಆ ರಸ್ತೆಯಲ್ಲಿ ಟೈರ್ ಅಂಗಡಿ ನಿಲ್ಲುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಬಂದರೆ ಗಾಳಿ ತುಂಬುವ ಧೈರ್ಯ ಇದೆಯೇ ಎಂಬುದು ಮಾತ್ರ ಗೊತ್ತಿರಲಿಲ್ಲ.

ಎರಡನೆಯ ತಿಂಗಳಲ್ಲಿ ಕೆ.ಆರ್. ನಗರದ ಕಡೆಯಿಂದ ಭತ್ತದ ಹುಲ್ಲು ತುಂಬಿಕೊಂಡು ಬಂದ ಟ್ರಾಕ್ಟರೊಂದು ನಮ್ಮ ಅಂಗಡಿಯ ಎದುರೇ ಪಂಕ್ಚರ್ ಆಗಿ ನಿಂತಿತು. ಮುಂದಕ್ಕೆ ಹೋಗುವ ದಾರಿಯೇ ಇರಲಿಲ್ಲ. ಆ ದಿನ ಮಾವನೂ ಬಂದಿದ್ದ. ಕೈ ಪೂರ್ತಿ ನೆಟ್ಟಗಾಗಿರಲಿಲ್ಲ, ಸ್ಟೂಲಿನ ಮೇಲೆ ಕೂತು ಕೆಲಸ ಹೇಳಿಕೊಡುತ್ತಿದ್ದ. ಪಂಕ್ಚರ್ ಹಾಕಿ, ರಿಂಗು ಕೂರಿಸಿ, ಸುತ್ತ ಬೆರಳಾಡಿಸಿ ನೋಡಿದೆ. ಈ ಸಲ ಸಂದು ಇರಲಿಲ್ಲ. ಮಾವನೂ ನೋಡಿ ಸರಿಯಿದೆ ಎಂದ. ಟೈರನ್ನು ಬೋನಿನೊಳಗೆ ಉರುಳಿಸಿ ಚಿಲಕ ಹಾಕಿದೆ.

ಟ್ರಾಕ್ಟರಿನ ಯಜಮಾನ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದ. “ನಮ್ಮೂರಲ್ಲಿ ಕಾಲಲ್ಲಿ ಒತ್ತಿಡ್ಕಂಡು ಗಾಳಿ ಆಕ್ತಾರೆ ಕಣವ್ವ. ಇದ್ಯಾವ ಪೂಜೆ?” ಎನ್ನುತ್ತಲೇ ಗೆರೆ ದಾಟಿ ಬೋನಿನ ಹತ್ತಿರ ಬಂದ.

“ಅಣ್ಣ, ಗೆರೆಯಿಂದ ಈಚೆ ನಿಂತ್ಕಳಿ. ಇಲ್ದಿದ್ರೆ ಗಾಳಿ ಆಕಲ್ಲ.”

“ಏನವ್ವ, ಅಷ್ಟು ಜೋರು?”

“ಜೋರೇ ಕಣಣ್ಣ. ಈಚೆ ಬನ್ನಿ.”

ಅವನು ಮುಖ ಗಂಟಿಕ್ಕಿಕೊಂಡು ಹಿಂದೆ ಸರಿದ. ನಾನು ಕಂಪ್ರೆಸರ್ ಹಾಕಿದೆ. ಗಾಳಿ ಅಳೆಯುವ ಮೀಟರಿನ ಮುಳ್ಳು ಏರತೊಡಗಿತು. ಆಗ ಮಾವ ಸ್ಟೂಲಿನಿಂದೆದ್ದು ಎಡಗೈಯಲ್ಲಿ ಸುತ್ತಿಗೆ ತೆಗೆದುಕೊಂಡು ಗೆರೆ ದಾಟಿ ಹೋದ. ಇಪ್ಪತ್ತು ವರ್ಷದ ಅಭ್ಯಾಸ, ರಿಂಗು ತಟ್ಟಲು ಕೈ ತಾನಾಗೇ ಹೋಯಿತು. ಗಿರಾಕಿ ನೋಡುತ್ತಿದ್ದ.

“ಮಾವ, ನೀನೂವೆ. ಗೆರೆ ಈಚೆ ಬಾ.”

ಮಾವ ಸುತ್ತಿಗೆ ಕೆಳಗಿಟ್ಟು ಬಂದು ನನ್ನ ಪಕ್ಕ ನಿಂತ. ನಾಲ್ಕು ಉಸಿರು ಆಗಿರಬಹುದು. ಬೋನು ಬಿಗಿದ ಬೋಲ್ಟು ಕಿತ್ತುಕೊಂಡು ಗೇಣೆತ್ತರ ಹಾರಿ ಕೆಳಗೆ ಬಿತ್ತು. ಎದುರಿನ ಮರದ ಕಾಗೆಗಳೆಲ್ಲ ಎದ್ದವು. ಧೂಳು ಇಳಿದ ಮೇಲೆ ನೋಡಿದರೆ ಒಂದು ಪೈಪು ಬಿಲ್ಲಿನ ಹಾಗೆ ಬಾಗಿತ್ತು. ರಿಂಗು ಅದಕ್ಕೆ ಸಿಕ್ಕಿಕೊಂಡು ನೇತಾಡುತ್ತಿತ್ತು. ತುಕ್ಕು ಹಿಡಿದು ಒಳಗಿನಿಂದಲೇ ಸೀಳು ಬಿಟ್ಟಿದ್ದ ರಿಂಗು ಅದು. ಹೊರಗಿನಿಂದ ಯಾರ ಕಣ್ಣಿಗೂ ಕಾಣುವಂಥದ್ದಲ್ಲ.

“ಕಂಪ್ರೆಸರ್ ಆಫ್ ಮಾಡಮ್ಮಿ” ಎಂದ ಮಾವ.

ನಾನಾಗಲೇ ಮಾಡಿದ್ದೆ.

ಯಜಮಾನ ತಾನು ಸ್ವಲ್ಪ ಹೊತ್ತಿನ ಮುಂಚೆ ನಿಂತಿದ್ದ ಜಾಗವನ್ನು ನೋಡಿದ, ಬಾಗಿದ ಪೈಪನ್ನು ನೋಡಿದ. ಆಮೇಲೆ ಗೆರೆಯ ಈಚೆಗೇ ನೆಲದ ಮೇಲೆ ಕೂತುಬಿಟ್ಟ. “ಚಿರತೆ ಎಷ್ಟೋ ಮೇಲು ಕಣವ್ವ” ಎಂದ. ಮಾವ ನಗಲು ಶುರುಮಾಡಿದ. ರಾಡಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನೂ ನಕ್ಕೆ. ಹುಣಸೂರಿನ ಆ ಬಿಸಿಲಿನ ತುಂಡು ಬಿದ್ದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಕೋಟೆಯಿಂದ ಹೊಸ ರಿಂಗು ತರಿಸಿ, ಬೋನನ್ನು ಮತ್ತೆ ಬಿಗಿದು, ಟ್ಯೂಬು ಬದಲಿಸಿ ಗಾಳಿ ತುಂಬಿದೆ. ಈ ಸಲ ಯಜಮಾನ ಹೇಳಿಸಿಕೊಳ್ಳದೆ ಗೆರೆಯಿಂದ ಇನ್ನೂ ನಾಲ್ಕು ಮಾರು ದೂರ ಹೋಗಿ, ದಾರಿಯಲ್ಲಿ ಬಂದವರನ್ನೂ ತಡೆದು ನಿಲ್ಲಿಸಿಕೊಂಡಿದ್ದ. ರಿಂಗು ಕೂತಿತು. ನೋಟ್‌ಬುಕ್ಕಿನಲ್ಲಿ ಬರೆದೆ: ‘ಟ್ರಾಲಿ ಟೈರ್. ಶುರು 10.15. ಮುಗಿದದ್ದು 3.40.’ ಮಾವ ಹೊರಡುವಾಗ ಬೋನಿನ ಅಳತೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಈಗ ಹುಣಸೂರಿನ ಅಂಗಡಿಯಲ್ಲೂ ಒಂದಿದೆ.

ಆ ರಾತ್ರಿ ಊಟ ಮಾಡಿ ಮಲಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಒಲೆಯ ಮೇಲಿನ ಕುಕ್ಕರ್ ಎಷ್ಟು ಸಲ ಕೂಗಿತ್ತೋ ನನಗೆ ಕೇಳಿಸಿರಲಿಲ್ಲ. ಅವ್ವ ಹೊದಿಕೆ ಎಳೆಯುತ್ತಿದ್ದಳು.

“ಏಳಮ್ಮಿ, ಎಷ್ಟೊತ್ತು ಮಲಗ್ತೀಯ. ಅಂಗ್ಡಿ ಮುಂದೆ ಎರಡು ಟ್ಯಾಕ್ಟ್ರು ನಿಂತವೆ.”