ಶಂಕುಣ್ಣಿ ಹಂಚಿದ ಹುಟ್ಟುಹಬ್ಬಗಳು

ಜೂನ್ ಹದಿನಾಲ್ಕರ ಬೆಳಿಗ್ಗೆ ಕೇರಳದ ಶೊರನೂರಿನ ಅಮ್ಮಿಣಿಯವರ ಮೊಬೈಲಿಗೆ ಹುಟ್ಟುಹಬ್ಬದ ಶುಭಾಶಯ ಬಂತು. ಅವರು ಹುಟ್ಟಿದ್ದು ಮಕರ ಮಾಸದಲ್ಲಿ, ಸಂಕ್ರಾಂತಿಯ ಆಸುಪಾಸಿಗೆ. ಕಳಿಸಿದ್ದು ಹೆಸರೇ ಕೇಳದ ಒಂದು ವಿಮಾ ಕಂಪನಿ. ಕೆಳಗೆ, ಸ್ತನ ಕ್ಯಾನ್ಸರಿಗೆ ವಿಶೇಷ ಪಾಲಿಸಿ ಇದೆ ಎಂಬ ಸಾಲು. ಅಕ್ಕಿಹಿಟ್ಟಿನ ಪುಟ್ಟು ಬೇಯುತ್ತಿದ್ದ ಕೊಳವೆಯನ್ನು ಒಲೆಯಿಂದ ಇಳಿಸಿ ಅವರು ಗಂಡನನ್ನು ಕರೆದರು.

ಶಂಕುಣ್ಣಿ ಮೂವತ್ತನಾಲ್ಕು ವರ್ಷ ರೈಲಿನ ಅಂಚೆ ಬೋಗಿಯಲ್ಲಿ ನಿಂತು ಪತ್ರ ವಿಂಗಡಿಸಿದವರು. ನಿವೃತ್ತರಾದ ಮೇಲೆ, ಗುರುತಿಲ್ಲದವರು ಫೋನು ಮಾಡಿ ಹೆಸರು ಹಿಡಿದು ಮಾತಾಡಿಸುವುದು ಅವರ ಕುತೂಹಲ ಕೆರಳಿಸಿತು. ಹೆಸರು ಹೊರಟದ್ದು ಎಲ್ಲಿಂದ? ಅಂದಿನಿಂದ ಅಂಗಡಿ, ಆ್ಯಪ್, ಆಸ್ಪತ್ರೆ ಯಾರೇ ಕೇಳಲಿ, ಹುಟ್ಟಿದ ವರ್ಷವನ್ನು ಮಾತ್ರ ನಿಜ ಬರೆದು, ದಿನ ಮತ್ತು ತಿಂಗಳು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಯಾರಿಗೆ ಯಾವ ದಿನ ಕೊಟ್ಟದ್ದೆಂದು ಬರೆದಿಟ್ಟ ನೋಟುಬುಕ್ಕಿನಲ್ಲಿ ಗಂಡ ಹೆಂಡತಿ ಇಬ್ಬರದೂ ಸೇರಿ ನಲವತ್ತೊಂದು ಹುಟ್ಟುಹಬ್ಬಗಳಿವೆ.

"ಮುದ್ರೆ ಇಲ್ದಿರೋ ಕಾಗದ ಯಾವ ಊರಿಂದ ಬಂತು ಅಂತ ಹೇಗೆ ಹೇಳೋದು? ಅದಕ್ಕೇ ನಾನೇ ಒತ್ತಿ ಕಳಿಸ್ತೀನಿ" ಎನ್ನುತ್ತಾರೆ.

"ನಿಮ್ಮ ಹುಚ್ಚಿಗೆ ನಂಗೆ ವರ್ಷಕ್ಕೆ ಎಷ್ಟು ಸಲ ವಯಸ್ಸಾಗ್ಬೇಕು?" ಎಂದು ಅಮ್ಮಿಣಿ ಛೇಡಿಸುತ್ತಿದ್ದರು.

ಆ ಬೆಳಿಗ್ಗೆ ಛೇಡಿಸಲಿಲ್ಲ. ಮೇ ತಿಂಗಳಲ್ಲಿ ಎದೆಯಲ್ಲೊಂದು ಗಂಟು ಕಂಡು ಅವರು ಸ್ಕ್ಯಾನ್ ಮಾಡಿಸಿದ್ದರು. ಜೊತೆಗೆ ಹೋಗಿದ್ದು ಶಂಕುಣ್ಣಿಯ ತಂಗಿ ತಂಗಮಣಿ. ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗಂಟು ಅಪಾಯದ್ದಲ್ಲ ಎಂದು ವರದಿ ಬಂತು. ಅದರ ಮಾರನೆಯ ದಿನವೇ ಕ್ಯಾನ್ಸರ್ ವಿಮೆ ಬೇಕೇ ಎಂದು ಫೋನೂ ಬಂತು. ತಂಗಮಣಿಯ ಅಳಿಯ ವಿಮಾ ಏಜೆಂಟ್. ಸುದ್ದಿ ಅವನ ಕಿವಿಗೆ ಬಿದ್ದದ್ದು ತಂಗಮಣಿಯಿಂದಲೇ ಎಂದುಕೊಂಡು ಅಮ್ಮಿಣಿ ನಾದಿನಿಯ ಜೊತೆ ಮಾತು ಬಿಟ್ಟರು. ದಿನಾ ಸಂಜೆ ಒಟ್ಟಿಗೆ ನಡೆಯುತ್ತಿದ್ದ ಇಬ್ಬರೂ ತಿಂಗಳಿಂದ ಬೇರೆ ಬೇರೆ ದಾರಿ ಹಿಡಿದಿದ್ದರು.

ಶಂಕುಣ್ಣಿ ನೋಟುಬುಕ್ಕಿನಲ್ಲಿ ಬೆರಳಾಡಿಸಿದರು. ಜೂನ್ ಹದಿನಾಲ್ಕನ್ನು ಕೊಟ್ಟಿದ್ದು ಒಂದೇ ಕಡೆ: ಸ್ಕ್ಯಾನ್ ಕೇಂದ್ರಕ್ಕೆ. ಅದರ ರಸೀದಿಯ ಬೆನ್ನಿಗೆ ಭೂತಗನ್ನಡಿ ಹಿಡಿದರು. ಮಾಹಿತಿಯನ್ನು 'ಸಹಭಾಗಿ ಸಂಸ್ಥೆ'ಗಳಿಗೆ ಕೊಡಲು ರೋಗಿ ಒಪ್ಪಿದ್ದಾರೆ ಎಂದು ಸಾಸಿವೆಯಷ್ಟು ಅಕ್ಷರದಲ್ಲಿತ್ತು.

ಅಮ್ಮಿಣಿ ಪುಟ್ಟನ್ನು ಡಬ್ಬಿಗೆ ಹಾಕಿ, ನೋಟುಬುಕ್ಕನ್ನು ಕಂಕುಳಲ್ಲಿಟ್ಟು ತಂಗಮಣಿಯ ಮನೆಗೆ ಹೋದರು. ತಂಗಮಣಿ ಮೊಬೈಲಿನ ಶುಭಾಶಯ ನೋಡಿ, ಜೂನ್ ಹದಿನಾಲ್ಕು ಇದ್ದ ಪುಟವನ್ನು ಎರಡು ಸಲ ಓದಿದರು.

"ಅಂದ್ರೆ ಅತ್ತಿಗೆ, ಈ ನೋಟುಬುಕ್ಕು ಹೇಳೋವರೆಗೂ ನಾನೇ ಕಳ್ಳಿ."

"ಹೂಂ. ತಪ್ಪಾಯ್ತು ಕಣೆ."

"ಕೂತ್ಕೋ. ಪುಟ್ಟಿಗೆ ಕಡಲೆ ಸಾರು ತಂದ್ಯೋ, ಅದನ್ನೂ ಮರೆತ್ಯೋ?"

ಶಂಕುಣ್ಣಿ ಸ್ಕ್ಯಾನ್ ಕೇಂದ್ರಕ್ಕೆ ರಿಜಿಸ್ಟರ್ಡ್ ಪತ್ರ ಬರೆದಿದ್ದಾರೆ, ಉತ್ತರ ಬಂದಿಲ್ಲ. ನವೆಂಬರಿನಲ್ಲಿ ಅಮ್ಮಿಣಿಗೆ ಇನ್ನೊಂದು ಸ್ಕ್ಯಾನ್ ಇದೆ, ಬೇರೆ ಕಡೆ. ತಂಗಮಣಿ ಜೊತೆಗೆ ಹೋಗುತ್ತಾರೆ. ಅಲ್ಲಿ ಹುಟ್ಟಿದ ದಿನವೆಂದು ಬರೆಯಲು ಶಂಕುಣ್ಣಿ ಡಿಸೆಂಬರ್ ಒಂಬತ್ತನ್ನು ತೆಗೆದಿಟ್ಟಿದ್ದಾರೆ.