ಒಲೆಗಿಟ್ಟ ಪಾಲು

ಮಾಲೂರಿಗೆ ಬಂದ ಮೊದಲ ದಿನ ನನ್ನನ್ನು ಯಾರೂ ‘ಯಾರ ಮಗಳಮ್ಮ ನೀನು’ ಎಂದು ಕೇಳಲಿಲ್ಲ. ಮನೆ ಓನರ್ ಆಂಟಿ ಕೇಳಿದ್ದು ಫೋನ್ ನಂಬರ್ ಮಾತ್ರ. ಬಾಯಿ ತೆರೆದರೆ ಅಪ್ಪನ ಹೆಸರು, ತಾತನ ಹೆಸರು, ನಮ್ಮ ಮಾವಿನ ತೋಪಿನ ಗುರುತು ಹೇಳಿ ರೂಢಿಯಾಗಿದ್ದ ನನಗೆ ಹೇಳಲು ಏನೂ ಉಳಿಯಲಿಲ್ಲ. ಹೆದರಿಕೆಯಾಯಿತು. ಆಮೇಲೆ ಖುಷಿಯೂ ಆಯಿತು.

ಗೌನಿಪಲ್ಲಿಯಿಂದ ಮಾಲೂರಿಗೆ ಬಂದದ್ದನ್ನು ವಲಸೆ ಎಂದರೆ ನೀವು ನಗುತ್ತೀರಿ. ನಗಿ. ಒಂದೇ ಜಿಲ್ಲೆ, ಕೋಲಾರದಲ್ಲಿ ಬಸ್ ಬದಲಾಯಿಸಿದರೆ ಮುಗಿಯಿತು. ಆದರೆ ನಾನು ಹುಟ್ಟಿದಾಗಲೇ ಅಮ್ಮನ ತಮ್ಮನಿಗೆ ಎಂದು ಮಾತಾಗಿದ್ದವಳು. ನಿಶ್ಚಿತಾರ್ಥಕ್ಕೆ ಸೀರೆ ತರುವ ಮುಂಚೆ ಮನೆ ಬಿಟ್ಟೆ. ಹಾಗೆ ಬಂದವಳಿಗೆ ಹಿಂದಿರುಗುವ ಬಸ್ ಇರುವುದಿಲ್ಲ.

ಇಲ್ಲಿ ಸಿಕ್ಕಿದ್ದು ಲೈನ್ ಮನೆ, ಅಂದರೆ ಒಂದೇ ಗೋಡೆಗೆ ಅಂಟಿದ ಸಾಲು ಕೋಣೆಗಳು. ಜೊತೆಗೆ ಒಡಿಶಾದ ಸಬಿತಾ. ಇಬ್ಬರಿಗೂ ಒಂದೇ ಕಾರ್ಖಾನೆಯಲ್ಲಿ ಕೆಲಸ. ಅವಳು ನೀರಿನಲ್ಲಿ ನೆನೆಸಿದ ಅನ್ನಕ್ಕೆ ಪಖಾಲ ಎನ್ನುತ್ತಾಳೆ. ನಮ್ಮ ತಂಗಳನ್ನದ ದೂರದ ನೆಂಟ. ನನ್ನ ಮುದ್ದೆ ಅವಳ ಗಂಟಲಲ್ಲಿ ಇಳಿಯಲಿಲ್ಲ, ಅವಳ ಹಿಂದಿ ನನ್ನ ತಲೆಗೆ ಹತ್ತಲಿಲ್ಲ. ಹೇಗೋ ಹೊಂದಿಕೊಂಡೆವು.

ಊರಿನಲ್ಲಿ ಫೋನು ಟಿವಿ ಪಕ್ಕದಲ್ಲಿರುತ್ತಿತ್ತು; ಯಾರು ಬೇಕಾದರೂ ತೆಗೆದು ನೋಡಬಹುದಿತ್ತು. ಇಲ್ಲಿ ಫೋನು ನನ್ನದು, ಅದರ ಬೀಗವೂ ನನ್ನದು. ಅಡುಗೆಯ ಸಣ್ಣ ವಿಡಿಯೋಗಳನ್ನು ಹಾಕತೊಡಗಿದೆ. ಸಬಿತಾ ಫೋನು ಹಿಡಿಯುವಳು. ಮುಖ ತೋರಿಸುತ್ತಿರಲಿಲ್ಲ, ದನಿಯೂ ಇಲ್ಲ, ಬರೀ ಕೈಗಳು. ಖಾತೆಗೆ ನಾನೇ ಒಂದು ಹೆಸರಿಟ್ಟೆ. ಯಾರೋ ಅಪರಿಚಿತರು ‘ಎಷ್ಟು ಚೆಂದದ ಕೈ’ ಎಂದು ಬರೆದರು. ಯಾರ ಮಗಳೂ, ಯಾರ ಪಾಲಿನವಳೂ ಅಲ್ಲದ ನನ್ನನ್ನು ಒಬ್ಬರು ಮೆಚ್ಚಿದ್ದು ಅದೇ ಮೊದಲು. ಅವತ್ತು ಅತ್ತುಬಿಟ್ಟೆ.

ಒಂದನ್ನು ಮಾತ್ರ ಮರೆತೆ. ನಮ್ಮ ಮನೆಯಲ್ಲಿ ಮುದ್ದೆ ಕಟ್ಟಿದ ಕೂಡಲೇ ಕಡಲೆಕಾಳಿನಷ್ಟು ಕಿತ್ತು ಒಲೆಯ ಅಂಚಿಗೆ ಹೆಬ್ಬೆರಳಲ್ಲಿ ಒತ್ತುತ್ತೇವೆ, ಬೆಂಕಿಯ ಪಾಲೆಂದು. ಅಜ್ಜಿ ಕಲಿಸಿದ್ದು, ಬೇರೆ ಮನೆಗಳಲ್ಲಿ ನಾನು ಕಂಡಿಲ್ಲ. ವಿಡಿಯೋದಲ್ಲೂ ಕೈ ತಾನಾಗಿ ಗ್ಯಾಸ್ ಒಲೆಯ ಅಂಚಿಗೆ ಹೋಗಿತ್ತು.

ಕೆಲವು ದಿನಗಳಲ್ಲಿ ಚಿತ್ರವಿಲ್ಲದ ಒಂದು ಖಾತೆಯಿಂದ ದನಿಯ ಸಂದೇಶ ಬಂತು. ಅಮ್ಮ! ಅಕ್ಷರ ಬಾರದ ಅಮ್ಮ.

“ಏಮೇ, ಬಾಗುಂಡಾವಾ? ಒಲೆಗಿಕ್ಕಿದ್ದು ನೋಡ್ದೆ ಕಣೇ, ನೀನೇ ಅಂತ ಗೊತ್ತಾಯ್ತು. ಕೈ ಸೊರಗೋಗಿದೆ. ಸರ್ಯಾಗಿ ಉಣ್ಣು. ನಾನ್ಯಾರ್ಗೂ ಹೇಳಲ್ಲ.”

ಚೆನ್ನಾಗಿದ್ದೀಯಾ ಎಂದು ನಮ್ಮ ಮನೆಯ ತೆಲುಗಿನಲ್ಲಿ ಕೇಳಿದ್ದಳು. ಅಂದಿನಿಂದ ನಾನು ಅಡುಗೆ ಮಾಡಿದ್ದು ಅವಳೊಬ್ಬಳಿಗಾಗಿ. ಬೇಕೆಂದೇ ಆ ಚಿಟಿಕೆಯನ್ನು ಫೋನಿನ ಎದುರಿಗೇ ಇಡುತ್ತಿದ್ದೆ.

ಅಮ್ಮ ಫೋನು ನೋಡಿ ಒಬ್ಬಳೇ ನಗುವುದು ಅವಳ ತಮ್ಮನ, ನಾನು ಬಿಟ್ಟುಬಂದ ಆ ಮಾವನ, ಕಣ್ಣಿಗೆ ಬಿತ್ತು. ಕಿತ್ತುಕೊಂಡು ಎಲ್ಲವನ್ನೂ ನೋಡಿದ. ಒಂದು ವಿಡಿಯೋದ ಕಿಟಕಿಯಲ್ಲಿ ಕಾರ್ಖಾನೆಯ ಹೆಸರು ಬರೆದ ನೀರಿನ ಟ್ಯಾಂಕು ಕಾಣುತ್ತಿತ್ತು. ಮುಂದಿನ ಭಾನುವಾರ ಬಾಗಿಲಲ್ಲಿ ನಿಂತಿದ್ದ.

“ಏನೇ, ಊರ್ಗೆಲ್ಲ ಕೈ ತೋರಿಸ್ಕೊಂಡು ಬದುಕ್ತಿದೀಯಾ? ನಡಿ ಮನೇಗೆ!”

ನನ್ನ ಜುಟ್ಟಿಗೆ ಕೈ ಹಾಕಿದ. ಸಬಿತಾ ಮುದ್ದೆ ಕೋಲು ಎತ್ತಿಕೊಂಡಳು. ಓನರ್ ಆಂಟಿ ಪೊಲೀಸರನ್ನು ಕರೆಯುತ್ತೇನೆಂದ ಮೇಲೆ ಹೋದ. ಹೋಗುವಾಗ ತಿರುಗಿ ನಿಂತು, “ನಿಮ್ಮಮ್ಮಂಗೆ ಇನ್ ಫೋನ್ ಮುಟ್ಟೋಕ್ಕಾಗಲ್ಲ. ಬೆರಳು ಮುರ್ದೇ ಬಂದಿದೀನಿ” ಎಂದ.

ಸಂಜೆ ಆಂಟಿ ಮೆಲ್ಲಗೆ ಹೇಳಿದರು: “ನೀನು ಮನೆ ಖಾಲಿ ಮಾಡಮ್ಮ, ಗಲಾಟೆ ನಮ್ಗ್ಯಾಕೆ.”

ಈಗ ಎಲ್ಲಿದ್ದೇನೆಂದು ಬರೆಯುವುದಿಲ್ಲ. ಇಲ್ಲಿಯೂ ಯಾರ ಮಗಳೆಂದು ಯಾರೂ ಕೇಳುವುದಿಲ್ಲ. ಈಗೀಗ ಕೇಳಲಿ ಅನ್ನಿಸುತ್ತದೆ. ಅಮ್ಮನ ಬೆರಳು ಕೂಡಿಕೊಂಡಿತೋ ಇಲ್ಲವೋ ಗೊತ್ತಿಲ್ಲ. ವಿಚಾರಿಸಿದರೆ ಮಾವನಿಗೆ ನನ್ನ ಜಾಡು ಸಿಗುತ್ತದೆ.

ಹಳೆಯ ಖಾತೆ ಅಳಿಸಿ ಹೊಸದು ತೆರೆದಿದ್ದೇನೆ. ವಿಡಿಯೋದಲ್ಲಿ ಈಗ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ಸುಮ್ಮನಾಗುತ್ತೇನೆ. ಎಲ್ಲರ ಮನೆಯ ಕೈಯಂತೆ ನನ್ನದೂ ಒಂದು ಕೈ; ಅಮ್ಮ ನೋಡಿದರೂ ಗುರುತು ಸಿಗದೆ ಮುಂದಕ್ಕೆ ಸರಿಸುತ್ತಾಳೆ. ಫೋನು ಆರಿಸಿದ ಮೇಲೆ ಚಿಟಿಕೆ ಕಿತ್ತು ಒಲೆಗೆ ಒತ್ತುತ್ತೇನೆ.