ಹುರಿದ ಮಣ್ಣು

ಸುನಂದಾಳ ಪ್ರಯೋಗವನ್ನು ಕೆಡಿಸಿದವಳು ನಾನು. ಕೆಡಿಸಿದ್ದು ಹೋಗಲಿ — ಆ ತಪ್ಪನ್ನು ಅವಳ ತಲೆಗೆ ಕಟ್ಟಿ ಸುಮ್ಮನೆ ನಿಂತವಳು ನಾನು.

ಮಂಗಳ ಗ್ರಹದ ಮೇಲೆ ಆರು ಗಾಲಿಯ ಪುಟ್ಟ ಬಂಡಿಯೊಂದು ಇಳಿದು ಓಡಾಡಿದ ತೊಂಬತ್ತೇಳನೆಯ ಇಸವಿ. ಜಮಖಂಡಿಯಲ್ಲಿ ನಾವಿಬ್ಬರೂ ಬಿ.ಎಸ್ಸಿ. ಕೊನೆಯ ವರ್ಷ. ನಮ್ಮದು ತಲೆಮಾರುಗಳಿಂದ ಓದಿದವರ ಮನೆ. ಸುನಂದಾ ಸಾವಳಗಿಯ ಕುರಿ ಸಾಕುವವರ ಮಗಳು, ಆ ಮನೆಯಿಂದ ಕಾಲೇಜಿಗೆ ಬಂದ ಮೊದಲನೆಯವಳು. ಪೇಪರಿನಲ್ಲಿ ಬಂದ ಮಂಗಳದ ಬರಡು ಕಲ್ಲುನೆಲದ ಚಿತ್ರ ನೋಡಿ, "ನಮ್ಮೂರ ಮಡ್ಡಿ ಇದ್ದಂಗ ಐತಿ ನೋಡ. ಮಡ್ಡಿ ಮಣ್ಣಾಗ ಜೀವ ಇರತೈತಿ, ಅಲ್ಲ್ಯಾಕ ಇರಬಾರದು?" ಎಂದಳು.

ಪ್ರಯೋಗ ಹುಟ್ಟಿದ್ದು ಅಲ್ಲಿಂದ. ಎರಡು ಗಾಜಿನ ಬರಣಿಗಳಲ್ಲಿ ಮಡ್ಡಿಯ ಮಣ್ಣು. ಒಂದು ಹಾಗೆಯೇ, ಇನ್ನೊಂದು, ಒಳಗಿನ ಜೀವವೆಲ್ಲ ಸಾಯುವಂತೆ ಹುರಿದದ್ದು. ಎರಡಕ್ಕೂ ಕುದಿಸಿ ಆರಿಸಿದ ನೀರು. ಮೊದಲನೆಯದು ಹಸಿರಾಗಬೇಕು, ಎರಡನೆಯದು ಆಗಬಾರದು. ಹುರಿಯುವುದು ಅವಳ ಕೆಲಸ, ನೀರು ನನ್ನದು.

ಒಂದು ಮಧ್ಯಾಹ್ನ ನೀರು ಕುದಿಸಲು ಬೇಸರವಾಯಿತು. ಅಂಗಳದ ತೊಟ್ಟಿಯ ನೀರನ್ನೇ ಎರಡಕ್ಕೂ ಸುರಿದೆ. ಏನಾದೀತು ಎಂದುಕೊಂಡೆ — ಇಲ್ಲ, ಏನನ್ನೂ ಅಂದುಕೊಳ್ಳಲಿಲ್ಲ.

ಬೀಳಗಿಯ ವಿಜ್ಞಾನ ಪ್ರದರ್ಶನದ ಹೊತ್ತಿಗೆ ಎರಡೂ ಬರಣಿಗಳು ಪಾಚಿಗಟ್ಟಿದ್ದವು. ತೀರ್ಪುಗಾರರು ಬಗ್ಗಿ ನೋಡಿ ಕೇಳಿದರು: "ಇದನ್ನ ಹುರದಾಕಿ ಯಾರವಾ?"

"ಅಕೀ ರೀ," ಎಂದೆ.

ಸುಳ್ಳೇನಲ್ಲ. ಅದಕ್ಕೇ ಅದು ಸುಳ್ಳಿಗಿಂತ...

"ಮಣ್ಣು ಹುರಿಯಾಕ ಬರಂಗಿಲ್ಲ, ಮಂಗಳಕ್ಕ ಹೊಂಟಾರ!" ಎಂದರು ಅವರು. ಸುತ್ತಲಿದ್ದವರೆಲ್ಲ ನಕ್ಕರು. ಆಮೇಲೆ ಸುನಂದಾ ಮನೆಯ ಒಲೆಯ ಮೇಲೆ ಮತ್ತೆ ಮತ್ತೆ ಮಣ್ಣು ಹುರಿದು, ನೀರನ್ನೂ ತಾನೇ ಕುದಿಸಿ ಹಾಕಿ ನೋಡಿದಳು. ಒಮ್ಮೆಯೂ ಹಸಿರು ಬರಲಿಲ್ಲ. "ಅವತ್ತಽ ನನ್ನ ಕೈ ತಪ್ಪೇತಿ. ಇಂಥಾ ಕೈ ನಂಬಿ ಏನ್ ಓದೂದು," ಎಂದು ನನ್ನೆದುರೇ ಹೇಳಿದಳು. ಆಗಲೂ ನಾನು — ಎಂ.ಎಸ್ಸಿ.ಗೆ ಧಾರವಾಡಕ್ಕೆ ನಾನೊಬ್ಬಳೇ ಹೋದೆ. ಅವಳು ಮದುವೆಯಾಗಿ ಬನಹಟ್ಟಿ ಸೇರಿದಳು.

ಈಗ ಜಮಖಂಡಿಯ ಕಾಲೇಜಿನಲ್ಲೇ ಪಾಠ ಹೇಳುತ್ತೇನೆ. ಮಂಗಳಕ್ಕೆ ಹೋಗುವ ಬಂಡಿಗಳನ್ನು ಮೊದಲು ಎಷ್ಟು ಶುಚಿ ಮಾಡುತ್ತಾರೆ, ಇಲ್ಲದಿದ್ದರೆ ನಾವೇ ಒಯ್ದ ಜೀವವನ್ನು ಅಲ್ಲಿಯದೆಂದು ಹೇಗೆ ನಂಬಿಬಿಡುತ್ತೇವೆ — ಪ್ರತಿ ವರ್ಷ ಇದನ್ನು ಹೇಳಬೇಕು. ಪ್ರತಿ ವರ್ಷವೂ ಆ ಪಾಠ ಮುಗಿಸಿ ಕುರ್ಚಿಯಲ್ಲಿ ಕುಸಿಯುತ್ತೇನೆ. ಬೇರಾವ ಪಾಠವೂ ನನ್ನನ್ನು ಹೀಗೆ ದಣಿಸುವುದಿಲ್ಲ.

ಈ ಜೂನಿನಲ್ಲಿ ಸುನಂದಾ ಮಗಳನ್ನು ನಮ್ಮಲ್ಲಿ ಪಿಯುಸಿಗೆ ಸೇರಿಸಲು ಬಂದಳು. ನನಗೀಗ 'ರೀ' ಹಚ್ಚಿ ಮಾತಾಡುತ್ತಾಳೆ. "ಸೈನ್ಸ್ ಬೇಕಂತಾಳ್ರಿ ಇಕಿ. ಬ್ಯಾಡ, ಆರ್ಟ್ಸ್ ಹಚ್ಚಿಬಿಡ್ರಿ. ನಮ್ಮ ಕೈ ಆ ಕೆಲಸಕ್ಕಲ್ಲ."

ಇನ್ನು ತಡೆಯಲಾಗಲಿಲ್ಲ. ಮಗಳ ಎದುರಿಗೇ ಹೇಳಿದೆ — ತೊಟ್ಟಿಯ ನೀರು, ನನ್ನ ಸೋಮಾರಿತನ, ಬೀಳಗಿಯಲ್ಲಿ ಬಾಯಿ ಮುಚ್ಚಿ ನಿಂತದ್ದು.

ಸುನಂದಾ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕೇಳಿದಳು, "ಅಂದ್ರ... ನಾ ಛಲೋ ಹುರದಿದ್ನೇನು?"

"ಹೌದು."

"ಖರೇನ?"

"ಖರೆ, ಸುನಂದಾ."

ಬೈಯಲಿಲ್ಲ. ಮಗಳ ಕೈ ಹಿಡಿದು ಎದ್ದು ಹೋದಳು. ಕ್ಷಮಿಸು ಎನ್ನಲು ನನಗೂ ಬಾಯಿ ಬರಲಿಲ್ಲ. ಆ ಹುಡುಗಿ ಸೈನ್ಸ್ ಓದುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಬನಹಟ್ಟಿಗೆ ಜಮಖಂಡಿಯೇ ಹತ್ತಿರ. ಆದರೂ ಹುಡುಗಿ ದಿನಾ ಮುಧೋಳದ ಕಾಲೇಜಿಗೆ ಬಸ್ಸು ಹತ್ತುತ್ತಾಳೆ.